ಪಂಕ್ತಿ, ಮುಯ್ಯಿ ಪುಸ್ತಕ ಮತ್ತು ಜಾವಾಸ್ಕ್ರಿಪ್ಟ್

ಜಾವಾಸ್ಕ್ರಿಪ್ಟ್ ಅನ್ನೋ ಪದ ಕಂಡ ಕೂಡಲೇ ಅರ್ಧ ಜನ ಪುಟ ಮುಚ್ಚಿ ಹೊರಟುಬಿಡ್ತೀರಿ ಅಂತ ಗೊತ್ತು. ಸ್ವಲ್ಪ ತಾಳಿ ಮಾರಾಯ್ರೇ. ಪ್ರೋಗ್ರಾಮಿಂಗ್ ಕಲಿಸುವ ಉದ್ದೇಶ ನನಗಿಲ್ಲ. ಹೇಳಹೊರಟಿರುವುದು ಒಂದು ಹಳೇ ಕಥೆ. ಅದರಲ್ಲಿ ನಮ್ಮಂಥವರಿಗೂ, ಅಂದರೆ ಬಿಟ್ಟಿ ಜಾಗದಲ್ಲಿ ಪುಟ ಕಟ್ಟಿಕೊಂಡು, ತೋಚಿದ್ದನ್ನು ಗೀಚಿ, ಆಮೇಲೆ ವರ್ಷಗಟ್ಟಲೆ ಆ ಕಡೆ ತಲೆ ಹಾಕದವರಿಗೂ ಒಂದು ಪಾತ್ರ ಇದೆ. ಅದೇನು ಅಂತ ಓದ್ತಾ ಹೋದ ಹಾಗೆ ಗೊತ್ತಾಗುತ್ತೆ.

ಸಾಫ್ಟ್‌ವೇರ್ ಕೆಲಸದಲ್ಲಿ ಇರುವವರು ಈ ಪ್ಯಾರಾ ಹಾರಿಸಿ. ಉಳಿದವರಿಗೆ: ಯಾವುದೇ ಪ್ರೋಗ್ರಾಮಿನಲ್ಲಿ ವಿಷಯಗಳನ್ನು ಬಿಡಿಬಿಡಿಯಾಗಿ ಇಟ್ಟುಕೊಂಡರೆ ಕೆಲಸ ಸಾಗುವುದಿಲ್ಲ, ಗುಂಪಾಗಿ ಇಡಬೇಕು. ಹಾಗೆ ಇಡುವುದರಲ್ಲಿ ಮುಖ್ಯವಾಗಿ ಮೂರು ಬಗೆ. ಒಂದು ಮದುವೆ ಮನೆಯನ್ನು ನೆನೆಸಿಕೊಳ್ಳಿ. ಊಟದ ಪಂಕ್ತಿ ಇದೆಯಲ್ಲ, ಮೊದಲನೇ ಎಲೆ, ಎರಡನೇ ಎಲೆ, ಮೂರನೇ ಎಲೆ ಅಂತ ಸಾಲಾಗಿ, ಅದು ಅರೇ. ಅಲ್ಲಿ ಕ್ರಮ ಮುಖ್ಯ. ಮುಯ್ಯಿ ಬರೆಯುವ ಪುಸ್ತಕ ಇದೆಯಲ್ಲ, ಹೆಸರು ಹೇಳಿದರೆ ಮೊತ್ತ ಸಿಗುವಂಥದ್ದು, ಅದು ಮ್ಯಾಪ್. ಕರೆಯೋಲೆ ಕೊಡಬೇಕಾದ ಮನೆಗಳ ಲೆಕ್ಕ ಸೆಟ್, ಶಾಲೆಯ ಗಣಿತದಲ್ಲಿ ನಾವು ಗಣ ಅಂತ ಓದಿದ್ದು. ಒಂದು ಮನೆ ಅದರಲ್ಲಿ ಇದೆಯೋ ಇಲ್ಲವೋ ಅನ್ನುವುದಷ್ಟೇ ಪ್ರಶ್ನೆ, ಒಂದೇ ಮನೆಯನ್ನು ಎರಡು ಸಲ ಬರೆದುಕೊಂಡು ಪ್ರಯೋಜನ ಇಲ್ಲ. ಇವತ್ತು ಜಾವಾಸ್ಕ್ರಿಪ್ಟಿನಲ್ಲಿ ಈ ಮೂರೂ ಇವೆ. ಆದರೆ ಮೂರೂ ಸೇರಲು ಸುಮಾರು ಇಪ್ಪತ್ತು ವರ್ಷ ಬೇಕಾಯಿತು. ಯಾಕೆ ಅನ್ನುವುದೇ ಕಥೆ.

1995ರ ಏಪ್ರಿಲ್‌ನಲ್ಲಿ ಬ್ರೆಂಡನ್ ಐಕ್ ನೆಟ್‌ಸ್ಕೇಪ್ ಕಂಪನಿ ಸೇರಿದ. ಸ್ಕೀಮ್ ಎಂಬ ಚಂದದ ಭಾಷೆಯನ್ನು ಬ್ರೌಸರಿನೊಳಗೆ ತರಬಹುದು ಅಂತ ಆಸೆ ತೋರಿಸಿ ಕರೆಸಿಕೊಂಡಿದ್ದರು. ಸೇರುವಷ್ಟರಲ್ಲಿ ಗಾಳಿ ಬದಲಾಗಿತ್ತು. ಸನ್ ಕಂಪನಿಯ ಜಾವಾ ಬಗ್ಗೆ ಎಲ್ಲೆಲ್ಲೂ ಮಾತು, ಹಾಗಾಗಿ ಹೊಸ ಭಾಷೆ ನೋಡುವುದಕ್ಕೆ ಜಾವಾದ ಥರಾ ಇರಬೇಕು ಅಂತ ಅಪ್ಪಣೆ ಆಯಿತು. ಮೇ ತಿಂಗಳಲ್ಲಿ ಹತ್ತು ದಿನ ಕೂತು ಮೊದಲ ಮಾದರಿಯನ್ನು ಬರೆದ. ಆಗ ಅದರ ಹೆಸರು ಮೋಚಾ, ಆಮೇಲೆ ಲೈವ್‌ಸ್ಕ್ರಿಪ್ಟ್, 1995ರ ಡಿಸೆಂಬರ್ 4ರಂದು ಜಾವಾಸ್ಕ್ರಿಪ್ಟ್. ಈ ಹತ್ತು ದಿನದ ಕಥೆಯನ್ನು ಎಲ್ಲರೂ ಹೇಳ್ತಾರೆ. ಹತ್ತು ದಿನದಲ್ಲಿ ಏನೇನು ಬಿಟ್ಟುಹೋಯಿತು ಅಂತ ಹೇಳುವವರು ಕಡಿಮೆ.

ಬಿಟ್ಟುಹೋದದ್ದು ಪಂಕ್ತಿ! 1996ರ ಮಾರ್ಚ್‌ನಲ್ಲಿ ಬಂದ ನೆಟ್‌ಸ್ಕೇಪ್ ನ್ಯಾವಿಗೇಟರ್ 2.0ರಲ್ಲಿ, ಅಂದರೆ ಜಾವಾಸ್ಕ್ರಿಪ್ಟ್ 1.0ರಲ್ಲಿ, ಅರೇ ಅನ್ನುವುದು ಇರಲೇ ಇಲ್ಲ. ಇದ್ದದ್ದು ಆಬ್ಜೆಕ್ಟ್ ಒಂದೇ, ನಮ್ಮ ಮುಯ್ಯಿ ಪುಸ್ತಕ. ಹೆಸರು ಕೊಟ್ಟರೆ ಬೆಲೆ ಸಿಗುತ್ತೆ. ಪಂಕ್ತಿ ಬೇಕಿದ್ದವರು ಏನು ಮಾಡುತ್ತಿದ್ದರು? ಮುಯ್ಯಿ ಪುಸ್ತಕದಲ್ಲಿ ಹೆಸರಿನ ಜಾಗಕ್ಕೆ 1, 2, 3 ಅಂತ ಬರೆದುಕೊಳ್ಳುತ್ತಿದ್ದರು. ಎಷ್ಟು ಎಲೆ ಹಾಕಿದೆ ಅನ್ನುವ ಲೆಕ್ಕವನ್ನೂ ತಾವೇ ಇಟ್ಟುಕೊಳ್ಳಬೇಕು. ಇದಕ್ಕೆ ಮೇಕ್‌ಅರೇ ಅಂತ ಒಂದು ಪುಟ್ಟ ಫಂಕ್ಷನ್ ಇತ್ತು, ನಾಲ್ಕೈದು ಸಾಲಿನದು. ಪುಟದಿಂದ ಪುಟಕ್ಕೆ ಕಾಪಿ ಆಗುತ್ತಾ ಹೋಯಿತು. ತಾರೀಖು ತೋರಿಸುವ ಪುಟಗಳಲ್ಲಿ ತಿಂಗಳ ಹೆಸರುಗಳನ್ನು ಜೋಡಿಸಿಡಲು ಅದೇ ಬೇಕಾಗುತ್ತಿತ್ತು.

1996ರ ಆಗಸ್ಟ್‌ನಲ್ಲಿ ನ್ಯಾವಿಗೇಟರ್ 3.0 ಬಂದಾಗ ನಿಜವಾದ ಅರೇ ಬಂತು. ನಿಜವಾದ ಅಂದೆ, ಆದರೆ ಒಳಗೆ ಅದು ಹಳೆಯ ಮುಯ್ಯಿ ಪುಸ್ತಕವೇ. ಎಲೆಯ ನಂಬರನ್ನು ಈಗಲೂ ಹೆಸರಿನ ಹಾಗೇ ನೋಡುತ್ತದೆ. 5 ಅನ್ನುವ ಸಂಖ್ಯೆಯೂ, "5" ಅನ್ನುವ ಬರಹವೂ ಅದಕ್ಕೆ ಒಂದೇ. ಹೊಸದಾಗಿ ಸೇರಿದ್ದು ಉದ್ದವನ್ನು ತಾನೇ ಲೆಕ್ಕ ಇಡುವ ಬುದ್ಧಿ. ಆ ಬುದ್ಧಿಯೂ ಸ್ವಲ್ಪ ವಿಚಿತ್ರ. ಖಾಲಿ ಪಂಕ್ತಿಯ ನೂರನೇ ಜಾಗದಲ್ಲಿ ಒಬ್ಬನನ್ನು ಕೂರಿಸಿ "ಎಷ್ಟು ಉದ್ದ?" ಅಂತ ಕೇಳಿದರೆ "ನೂರು" ಅನ್ನುತ್ತದೆ. ಉಳಿದ ತೊಂಬತ್ತೊಂಬತ್ತು ಕಡೆ ಎಲೆಯೇ ಹಾಕಿಲ್ಲ. ಎಲೆ ಹಾಕಿ ಏನೂ ಬಡಿಸದೆ ಇರುವುದು ಬೇರೆ, ಎಲೆಯೇ ಇಲ್ಲದಿರುವುದು ಬೇರೆ. ಜಾವಾಸ್ಕ್ರಿಪ್ಟ್ ಈ ವ್ಯತ್ಯಾಸವನ್ನು ಇವತ್ತಿಗೂ ಕಾಪಾಡಿಕೊಂಡು ಬಂದಿದೆ. ಕೆಲವು ಸೌಲಭ್ಯಗಳು ಎಲೆ ಇಲ್ಲದ ಜಾಗವನ್ನು ದಾಟಿ ಹೋಗುತ್ತವೆ, ಕೆಲವು ಅಲ್ಲೂ ನಿಂತು ಬಗ್ಗಿ ನೋಡುತ್ತವೆ.

ಆ ಅರೇ ಜೊತೆಗೆ ಬಂದದ್ದು ಮೂರೇ ಕೆಲಸ: ಜಾಯಿನ್, ರಿವರ್ಸ್, ಸಾರ್ಟ್. ಸೇರಿಸು, ತಿರುಗಿಸು, ಕ್ರಮದಲ್ಲಿ ಜೋಡಿಸು. ಸಾರ್ಟ್ ಬಗ್ಗೆ ಒಂದು ಮಾತು ಹೇಳಲೇಬೇಕು. 1, 9, 10 ಈ ಮೂರನ್ನು ಕೊಟ್ಟು ಜೋಡಿಸು ಅಂದರೆ 1, 10, 9 ಅಂತ ಕೊಡುತ್ತದೆ. ಹೊಸಬರು ಇದನ್ನು ನೋಡಿ ಹೌಹಾರುತ್ತಾರೆ. ಕಾರಣ ಇಷ್ಟೇ. ಈ ಪಂಕ್ತಿಯಲ್ಲಿ ಯಾರು ಬೇಕಾದರೂ ಕೂರಬಹುದು, ಸಂಖ್ಯೆ ಪಕ್ಕ ಹೆಸರು, ಹೆಸರಿನ ಪಕ್ಕ ತಾರೀಖು. ಇವರನ್ನೆಲ್ಲ ಹೋಲಿಸಬೇಕಾದರೆ ಎಲ್ಲರನ್ನೂ ಬರಹವಾಗಿ ಮಾಡಿಕೊಂಡು ಅಕ್ಷರ ಅಕ್ಷರ ನೋಡುವುದೇ ಎಲ್ಲರಿಗೂ ಹೊಂದುವ ದಾರಿ. "10"ರ ಮೊದಲ ಅಕ್ಷರ 1, ಅದು 9ಕ್ಕಿಂತ ಮುಂಚೆ. ಸಂಖ್ಯೆಯಾಗಿ ಜೋಡಿಸಬೇಕಾದರೆ ಹೇಗೆ ಹೋಲಿಸಬೇಕು ಅಂತ ನಾವೇ ಒಂದು ಫಂಕ್ಷನ್ ಕೊಡಬೇಕು. 1996ರಲ್ಲಿ ಹಾಗೆ ಮಾಡಿದ್ದು, ಇವತ್ತಿಗೂ ಹಾಗೇ ಇದೆ. ಯಾಕೆ ಸರಿಮಾಡಲಿಲ್ಲ ಅಂದರೆ, ಅಷ್ಟರಲ್ಲಿ ಲಕ್ಷಾಂತರ ಪುಟಗಳು ಅದನ್ನೇ ನಂಬಿಕೊಂಡಿದ್ದವು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ.

1997ರ ಜೂನ್‌ನಲ್ಲಿ ನ್ಯಾವಿಗೇಟರ್ 4ರ ಜೊತೆ ಪುಷ್, ಪಾಪ್, ಶಿಫ್ಟ್, ಅನ್‌ಶಿಫ್ಟ್, ಸ್ಪ್ಲೈಸ್ ಇವೆಲ್ಲ ಬಂದವು. ಪರ್ಲ್ ಎಂಬ ಭಾಷೆಯಿಂದ ಕಡ ತಂದದ್ದು. ಪುಷ್ ಅಂದರೆ ಕೊನೆಯಲ್ಲಿ ಒಬ್ಬರನ್ನು ಕೂರಿಸು, ಪಾಪ್ ಅಂದರೆ ಕೊನೆಯವರನ್ನು ಏಳಿಸು. ಶಿಫ್ಟ್ ಅಂದರೆ ಮೊದಲನೆಯವರನ್ನು ಏಳಿಸಿ ಎಲ್ಲರನ್ನೂ ಒಂದೊಂದು ಎಲೆ ಮುಂದಕ್ಕೆ ಸರಿಸು. (ಅನ್‌ಶಿಫ್ಟ್ ಅನ್ನೋ ಹೆಸರು ಇಟ್ಟವರ ಬಗ್ಗೆ ನನಗೆ ಯಾವ ಗೌರವವೂ ಇಲ್ಲ. ಮುಂದೆ ಸೇರಿಸು ಅನ್ನುವುದಕ್ಕೆ "ಸರಿಸದಿರು" ಅಂದ ಹಾಗಾಯ್ತು.) ಕಡ ತಂದದ್ದರಲ್ಲಿ ತಕರಾರೂ ಬಂತು. ಪುಷ್ ಮಾಡಿದ ಮೇಲೆ ಅದು ಏನು ಉತ್ತರ ಕೊಡಬೇಕು? ಮೊದಲು ಹಳೆಯ ಪರ್ಲ್ ಹಾಗೆ, ಕೊನೆಗೆ ಸೇರಿಸಿದ ವಸ್ತುವನ್ನೇ ಹಿಂದಕ್ಕೆ ಕೊಡುತ್ತಿತ್ತು. ಆಮೇಲೆ ಹೊಸ ಉದ್ದವನ್ನು ಕೊಡುವಂತೆ ಬದಲಾಯಿತು.

ಇಷ್ಟಾದರೂ ಎಲ್ಲರಿಗೂ ಪುಷ್ ಸಿಗಲಿಲ್ಲ. ಆ ಕಾಲದಲ್ಲಿ ಬ್ರೌಸರುಗಳ ಜಗಳ ಜೋರು. ಮೈಕ್ರೋಸಾಫ್ಟಿನವರು ಜಾವಾಸ್ಕ್ರಿಪ್ಟನ್ನು ನೋಡಿಕೊಂಡು ಜೇಸ್ಕ್ರಿಪ್ಟ್ ಅಂತ ತಮ್ಮದೊಂದು ಮಾಡಿಕೊಂಡಿದ್ದರು. ಅದರಲ್ಲಿ ಪುಷ್ ಬಂದದ್ದು 2000ದಲ್ಲಿ, ಇಂಟರ್ನೆಟ್ ಎಕ್ಸ್‌ಪ್ಲೋರರ್ 5.5ರ ಜೊತೆ. ಅಲ್ಲಿಯವರೆಗೆ ಎರಡೂ ಕಡೆ ನಡೆಯಬೇಕಾದ ಪುಟದಲ್ಲಿ "ಪಂಕ್ತಿಯ ಉದ್ದ ಎಷ್ಟೋ, ಆ ನಂಬರಿನ ಎಲೆಗೆ ಇದನ್ನು ಬಡಿಸು" ಅಂತ ಬರೆಯಬೇಕಿತ್ತು. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಉದ್ದದ ಸಂಖ್ಯೆಯೇ ಮುಂದಿನ ಖಾಲಿ ಜಾಗದ ನಂಬರು. ಹಳೆಯ ಪುಟಗಳ ಸೋರ್ಸ್ ತೆಗೆದು ನೋಡಿದರೆ ಈ ಸಾಲು ಕಣ್ಣಿಗೆ ಬೀಳುತ್ತದೆ, ಪಳೆಯುಳಿಕೆ ಥರಾ.

ಜಗಳ ಬಿಡಿಸಲು ಎಕ್ಮಾ ಅನ್ನುವ ಸಂಸ್ಥೆ ಪಂಚಾಯಿತಿಗೆ ಕೂತಿತು. 1997ರ ಜೂನ್‌ನಲ್ಲಿ ಭಾಷೆಯ ಮೊದಲ ನಿಯಮ ಪುಸ್ತಕ, 1999ರ ಡಿಸೆಂಬರ್‌ನಲ್ಲಿ ಮೂರನೆಯದು. ಪುಷ್ ಪಾಪ್ ಎಲ್ಲ ಅಧಿಕೃತ ಆದದ್ದು ಈ ಮೂರನೆಯದರಲ್ಲಿ. ಆಮೇಲೆ ಹತ್ತು ವರ್ಷ ಏನೂ ಇಲ್ಲ. ನಾಲ್ಕನೇ ಆವೃತ್ತಿ ಅಂತ ಭಾರೀ ಯೋಜನೆ ಹಾಕಿ, ವರ್ಷಗಟ್ಟಲೆ ಜಗಳವಾಡಿ, 2008ರಲ್ಲಿ ಕೈಬಿಟ್ಟರು. ಐದನೆಯದು ಬಂದದ್ದು 2009ರ ಡಿಸೆಂಬರ್‌ನಲ್ಲಿ.

ಕಥೆಯ ಮುಖ್ಯ ಭಾಗ ಈ ಹತ್ತು ವರ್ಷಗಳಲ್ಲೇ ಇರುವುದು. ಸಮಿತಿ ಸುಮ್ಮನಿದ್ದರೂ ಜನ ಸುಮ್ಮನಿರಲಿಲ್ಲ. ವೆಬ್ ಬೆಳೆಯುತ್ತಿತ್ತು, ಜೀಮೇಲ್ ಬಂತು, ಮ್ಯಾಪ್ಸ್ ಬಂತು, ನಮ್ಮ ಬ್ಲಾಗುಗಳೂ ಬಂದವು. ಅರೇ ಜೊತೆ ಬಂದ ಸಾಮಾನು ಯಾವುದಕ್ಕೂ ಸಾಲುತ್ತಿರಲಿಲ್ಲ. "ಈ ಪಂಕ್ತಿಯಲ್ಲಿ ಇಂಥವರು ಇದ್ದಾರಾ?" ಅಂತ ಕೇಳುವ ಸೌಲಭ್ಯವೂ ಇರಲಿಲ್ಲ ಅಂದರೆ ನಂಬ್ತೀರಾ? ಒಬ್ಬೊಬ್ಬರನ್ನೇ ನೋಡಿಕೊಂಡು ಹೋಗಬೇಕಿತ್ತು. 2005ರ ನವೆಂಬರ್‌ನಲ್ಲಿ ಫೈರ್‌ಫಾಕ್ಸ್ 1.5 ಈ ಥರದ ಒಂದಷ್ಟು ಸೌಲಭ್ಯ ಕೊಟ್ಟಿತು: ಇಂಡೆಕ್ಸ್‌ಆಫ್, ಫಿಲ್ಟರ್, ಮ್ಯಾಪ್, ಫಾರ್‌ಈಚ್ ಇತ್ಯಾದಿ. ಆದರೆ ಊರಿನ ಬಹುಪಾಲು ಜನ ಬಳಸುತ್ತಿದ್ದ ಇಂಟರ್ನೆಟ್ ಎಕ್ಸ್‌ಪ್ಲೋರರ್ ಅವನ್ನು ಕಲಿತದ್ದು 2011ರಲ್ಲಿ, ಒಂಬತ್ತನೇ ಆವೃತ್ತಿಗೆ.

ಹಾಗಾಗಿ ಜನರೇ ಬರೆದುಕೊಂಡರು. 2005ರಲ್ಲಿ ಸ್ಯಾಮ್ ಸ್ಟೀಫನ್‌ಸನ್ ಪ್ರೊಟೊಟೈಪ್ ಅಂತ ಒಂದು ಲೈಬ್ರರಿ ಮಾಡಿದ. 2006ರಲ್ಲಿ ಮೂಟೂಲ್ಸ್ ಬಂತು. ಇವೆರಡಕ್ಕೂ ಒಂದೇ ಉಪಾಯ. ಜಾವಾಸ್ಕ್ರಿಪ್ಟಿನಲ್ಲಿ ಎಲ್ಲ ಅರೇಗಳಿಗೂ ಒಂದು ಮೂಲ ಅಚ್ಚು ಇರುತ್ತದೆ. ಆ ಅಚ್ಚಿಗೆ ಒಂದು ಸೌಲಭ್ಯ ಅಂಟಿಸಿದರೆ ಸಾಕು, ಪುಟದಲ್ಲಿರುವ ಎಲ್ಲ ಅರೇಗಳಿಗೂ ಅದು ಬಂದುಬಿಡುತ್ತದೆ. ಇದು ಎಷ್ಟು ಸುಖ ಅಂದರೆ, ಭಾಷೆಯಲ್ಲಿ ಇಲ್ಲದ್ದನ್ನು ನಾವೇ ಭಾಷೆಗೆ ಸೇರಿಸಿದ ಹಾಗೆ. ಹೆಸರುಗಳೂ ಸಹಜವಾದವು: ಈಚ್, ಕಂಟೇನ್ಸ್, ಫ್ಲಾಟನ್. ಆದರೆ ಅಚ್ಚಿಗೆ ಅಂಟಿಸಿದ್ದು ಒಮ್ಮೊಮ್ಮೆ ಹೊರಗೂ ಕಾಣಿಸಿಕೊಳ್ಳುತ್ತಿತ್ತು. ಪಂಕ್ತಿಯಲ್ಲಿ ಯಾರ್‍ಯಾರು ಇದ್ದೀರಿ ಅಂತ ಒಂದು ರೀತಿಯಲ್ಲಿ ಹಾಜರಿ ಕೂಗಿದರೆ, ಊಟಕ್ಕೆ ಕೂತವರ ಜೊತೆ ಬಡಿಸುವವರೂ "ಇದ್ದೀನಿ ಸಾರ್" ಅನ್ನುತ್ತಿದ್ದರು. ಈ ಕಾಟ ನೋಡಿಯೇ 2009ರಲ್ಲಿ ಜೆರೆಮಿ ಆಶ್ಕೆನಾಸ್ ಬರೆದ ಅಂಡರ್‌ಸ್ಕೋರ್ ಲೈಬ್ರರಿಯ ದಾರಿ ಹೆಚ್ಚು ಜನಕ್ಕೆ ಹಿಡಿಸಿತು ಅಂತ ನನ್ನ ಅಂದಾಜು. ಅದು ಅಚ್ಚನ್ನು ಮುಟ್ಟಲಿಲ್ಲ, ತನ್ನ ಸಾಮಾನನ್ನೆಲ್ಲ ಒಂದು ಅಡಿಗೆರೆಯ ಹಿಂದೆ ಬೇರೆಯಾಗಿ ಇಟ್ಟುಕೊಂಡಿತು.

ಇನ್ನು ಗಣ. 2015ರವರೆಗೂ ಜಾವಾಸ್ಕ್ರಿಪ್ಟಿನಲ್ಲಿ ಗಣ ಬೇಕಿದ್ದವರು ಮತ್ತೆ ಮುಯ್ಯಿ ಪುಸ್ತಕಕ್ಕೇ ಹೋಗಬೇಕಿತ್ತು. ಹೆಸರು ಬರೆದು ಮುಂದೆ "ಹೌದು" ಅಂತ ಗುರುತು ಹಾಕುವುದು. ಸರಿಯಾಗಿಯೇ ನಡೆಯುತ್ತೆ, ಒಂದು ದೆವ್ವ ಬಿಟ್ಟರೆ. ಹೊಚ್ಚ ಹೊಸ ಖಾಲಿ ಪುಸ್ತಕ ತೆರೆದು "ಕನ್‌ಸ್ಟ್ರಕ್ಟರ್ ಅನ್ನುವವರು ಇದ್ದಾರಾ?" ಅಂತ ಇಂಗ್ಲಿಷಿನಲ್ಲಿ ಕೇಳಿದರೆ "ಇದ್ದಾರೆ" ಅನ್ನುತ್ತೆ. ಆಬ್ಜೆಕ್ಟಿನ ಮೂಲ ಅಚ್ಚಿನಿಂದ ಬಂದ ಹೆಸರು ಅದು. ಇಂಗ್ಲಿಷ್ ಲೇಖನದ ಪದಗಳನ್ನು ಎಣಿಸುವ ಪ್ರೋಗ್ರಾಮ್ ಬರೆದವರಿಗೆ ಈ ಪದ ಬಂದ ಕೂಡಲೇ ಲೆಕ್ಕ ಕೆಡುತ್ತಿತ್ತು. ಕನ್ನಡ ಪದ ಎಣಿಸುವವರಿಗೆ ಈ ತೊಂದರೆ ಇಲ್ಲ, ದೆವ್ವಗಳಿಗೆಲ್ಲ ಇಂಗ್ಲಿಷ್ ಹೆಸರು :) ಇನ್ನೊಂದು ತೊಂದರೆ ಮಾತ್ರ ಎಲ್ಲರಿಗೂ ಇತ್ತು. ಪುಸ್ತಕದಲ್ಲಿ ಹೆಸರಿನ ಜಾಗಕ್ಕೆ ಏನೇ ಬರೆದರೂ ಅದು ಬರಹವಾಗಿಬಿಡುತ್ತದೆ. ಒಂದು ಆಬ್ಜೆಕ್ಟನ್ನೇ ಹೆಸರಾಗಿ ಇಡಲು ಹೋದರೆ ಎಲ್ಲ ಆಬ್ಜೆಕ್ಟುಗಳಿಗೂ ಒಂದೇ ಹೆಸರಾಗುತ್ತದೆ, ಬೇರೆ ಬೇರೆ ಮನೆಯವರ ಮುಯ್ಯಿ ಒಂದೇ ಖಾತೆಗೆ ಬೀಳುತ್ತದೆ.

2015ರ ಜೂನ್‌ನಲ್ಲಿ ಬಂದ ಆರನೇ ಆವೃತ್ತಿ ಇದಕ್ಕೆಲ್ಲ ಪರಿಹಾರ ಕೊಟ್ಟಿತು. ಮ್ಯಾಪ್, ಸೆಟ್ ಎರಡೂ ಬಂದವು. ಹೆಸರಿನ ಜಾಗದಲ್ಲಿ ಏನು ಬೇಕಾದರೂ ಇಡಬಹುದು, ದೆವ್ವದ ಕಾಟ ಇಲ್ಲ, ಸೇರಿಸಿದ ಕ್ರಮದಲ್ಲೇ ವಾಪಸ್ ಸಿಗುತ್ತವೆ. ಒಂದು ಅರೇಯನ್ನು ಸೆಟ್ ಮಾಡಿ ಮತ್ತೆ ಅರೇ ಮಾಡಿದರೆ ಎರಡೆರಡು ಸಲ ಇದ್ದದ್ದು ಹೋಗುತ್ತದೆ. ಮೊದಲು ಹತ್ತು ಸಾಲು ಬೇಕಿದ್ದ ಕೆಲಸ ಈಗ ಅರ್ಧ ಸಾಲು. ವೀಕ್‌ಮ್ಯಾಪ್ ಅಂತಲೂ ಒಂದಿದೆ, ಅದರ ಗೋಜು ಇವತ್ತು ಬೇಡ.

ಇಲ್ಲಿಗೆ ಸುಖಾಂತ ಆಗಬೇಕಿತ್ತು. ಆಗ ಹಳೆಯ ಪುಟಗಳು ಎದ್ದು ನಿಂತವು.

"ಈ ಪಂಕ್ತಿಯಲ್ಲಿ ಇಂಥವರು ಇದ್ದಾರಾ?" ಅನ್ನುವ ಸೌಲಭ್ಯಕ್ಕೆ ಭಾಷೆಯ ಸಮಿತಿ (ಟಿಸಿ39 ಅಂತ ಅದರ ಹೆಸರು) ಕಂಟೇನ್ಸ್ ಅಂತ ಹೆಸರಿಡಲು ಹೊರಟಿತು. ಅದಕ್ಕಿಂತ ಸಹಜವಾದ ಹೆಸರು ಇಲ್ಲ. 2014ರಲ್ಲಿ ಫೈರ್‌ಫಾಕ್ಸಿನ ಪರೀಕ್ಷಾ ಆವೃತ್ತಿಯಲ್ಲಿ ಹಾಕಿ ನೋಡಿದರು. ಮೂಟೂಲ್ಸ್ ಬಳಸಿದ್ದ ತಾಣಗಳು ಕೆಟ್ಟು ಕೂತವು. ಹೆಸರು ಬದಲಾಯಿಸಿ ಇನ್‌ಕ್ಲೂಡ್ಸ್ ಅಂತ ಮಾಡಿದರು, 2016ರ ಆವೃತ್ತಿಗೆ ಅದು ಸೇರಿತು.

2018ರದ್ದು ಇನ್ನೂ ಮಜಾ. ಪಂಕ್ತಿಯೊಳಗೆ ಪಂಕ್ತಿ ಇದ್ದರೆ ಎಲ್ಲವನ್ನೂ ಬಿಡಿಸಿ ಒಂದೇ ಪಂಕ್ತಿ ಮಾಡುವ ಸೌಲಭ್ಯ, ಫ್ಲಾಟನ್. ಮತ್ತೆ ಫೈರ್‌ಫಾಕ್ಸ್, ಮತ್ತೆ ಪರೀಕ್ಷೆ, ಮತ್ತೆ ಮೂಟೂಲ್ಸ್. ಯಾಕೆ ಕೆಟ್ಟಿತು ಅನ್ನುವುದನ್ನು ಬಿಡಿಸಿ ಹೇಳುವುದು ಲೇಸು, ಇದು ಪತ್ತೇದಾರಿ ಕಥೆಯ ಹಾಗಿದೆ. ಮೂಟೂಲ್ಸ್ ಪುಟ ತೆರೆದ ಕೂಡಲೇ ತನ್ನದೇ ಫ್ಲಾಟನ್ ಅನ್ನು ಅರೇ ಅಚ್ಚಿಗೆ ಅಂಟಿಸುತ್ತದೆ, ಬ್ರೌಸರಿನಲ್ಲಿ ಮೊದಲೇ ಇದೆಯೋ ಇಲ್ಲವೋ ನೋಡುವುದಿಲ್ಲ. ಹಾಗಾದರೆ ತೊಂದರೆ ಇರಬಾರದು ತಾನೇ? ತನ್ನದನ್ನೇ ಹಾಕಿಕೊಂಡಿತಲ್ಲ? ತೊಂದರೆ ಮುಂದಿನ ಹೆಜ್ಜೆಯಲ್ಲಿ. ಆಮೇಲೆ ಅದು ಅರೇ ಅಚ್ಚಿನ ಮುಂದೆ ನಿಂತು ಹಾಜರಿ ಕೂಗಿ, ಯಾವ್ಯಾವ ಸೌಲಭ್ಯ "ಇದ್ದೀನಿ" ಅನ್ನುತ್ತದೋ ಅವನ್ನೆಲ್ಲ ಎಲಿಮೆಂಟ್ಸ್ ಅನ್ನುವ ತನ್ನ ಇನ್ನೊಂದು ಅಚ್ಚಿಗೂ ನಕಲು ಮಾಡುತ್ತದೆ. ಬ್ರೌಸರ್ ತಾನೇ ಕೊಟ್ಟ ಸೌಲಭ್ಯಗಳು ಹಾಜರಿಗೆ ಉತ್ತರ ಕೊಡದಂತೆ ಗುರುತು ಹೊತ್ತಿರುತ್ತವೆ. ಹೊರಗಿನವರು ಹೊಸದಾಗಿ ಅಂಟಿಸಿದವು ಉತ್ತರ ಕೊಡುತ್ತವೆ. ಈಗ ಬ್ರೌಸರ್ ಒಂದು ಫ್ಲಾಟನ್ ಕೊಟ್ಟಿತು ಅಂದುಕೊಳ್ಳಿ. ಮೂಟೂಲ್ಸ್ ಅದರ ಒಳಗಿನದ್ದನ್ನು ತೆಗೆದು ತನ್ನದನ್ನು ತುಂಬಿತು, ಆದರೆ ಮೇಲಿನ "ಉತ್ತರ ಕೊಡಬೇಡ" ಗುರುತು ಹಾಗೇ ಉಳಿಯಿತು. ಹಾಜರಿಯಲ್ಲಿ ಫ್ಲಾಟನ್ ಸುಮ್ಮನಾಯಿತು, ಎಲಿಮೆಂಟ್ಸ್‌ಗೆ ನಕಲು ಆಗಲಿಲ್ಲ. ಅದನ್ನು ನಂಬಿಕೊಂಡಿದ್ದ ಪುಟ ಅಲ್ಲೇ ನಿಂತಿತು.

ಮೈಕಲ್ ಫಿಕಾರಾ ಅನ್ನುವ ಸಮಿತಿ ಸದಸ್ಯ ತಮಾಷೆಗೆ, ಹಾಗಾದರೆ ಸ್ಮೂಷ್ ಅಂತ ಹೆಸರಿಡೋಣ ಅಂದ. ಸ್ಮೂಷ್ ಅಂದರೆ ಅವುಚಿ ಅಪ್ಪಚ್ಚಿ ಮಾಡುವುದು. ತಮಾಷೆ ಅಂತ ಎಷ್ಟೋ ಜನಕ್ಕೆ ಗೊತ್ತಾಗಲಿಲ್ಲ, ಒಂದು ಗಲಾಟೆಯೇ ಆಗಿಹೋಯಿತು. ಒಬ್ಬೊಬ್ಬರದು ಒಂದೊಂದು ಮಾತು. ಯಾವುದೋ ಸತ್ತ ಲೈಬ್ರರಿಗೋಸ್ಕರ ಭಾಷೆಯ ಮುಂದಿನ ನೂರು ವರ್ಷ ಯಾಕೆ ಹಾಳು ಮಾಡ್ತೀರಿ, ಆ ನಾಲ್ಕು ಪುಟ ಕೆಟ್ಟರೆ ಕೆಡಲಿ, ಅವರು ಸರಿಮಾಡಿಕೊಳ್ಳಲಿ ಅಂತ ಬೈದವರು ಬಹಳ. ಕೊನೆಗೆ ಮೇ ತಿಂಗಳಲ್ಲಿ ಫ್ಲಾಟ್ ಅಂತ ಹೆಸರು ಖಾಯಂ ಆಯಿತು, 2019ರ ಆವೃತ್ತಿಗೆ ಸೇರಿತು.

ನಾನು ಈ ವಿಷಯದಲ್ಲಿ ಸಮಿತಿಯ ಪಕ್ಷ. ಕೆಟ್ಟ ಪುಟವನ್ನು ಸರಿಮಾಡುವವರು ಯಾರು ಅಂತ ಬೈದವರು ಯೋಚಿಸಲಿಲ್ಲ. ದೊಡ್ಡ ಕಂಪನಿಗೆ ಆಳಿದ್ದಾರೆ, ಸರಿಮಾಡಿಕೊಳ್ಳುತ್ತದೆ. 2009ರಲ್ಲಿ ಯಾರೋ ಒಬ್ಬರು ತಮ್ಮ ಊರಿನ ದೇವಸ್ಥಾನದ ಶಾಸನಗಳ ಬಗ್ಗೆ ಒಂದು ಪುಟ ಮಾಡಿ, ಫೋಟೋ ತೋರಿಸಲು ಎಲ್ಲಿಂದಲೋ ಮೂಟೂಲ್ಸ್ ತಂದು ಅಂಟಿಸಿ, ಆಮೇಲೆ ಪಾಸ್‌ವರ್ಡ್ ಮರೆತಿರಬಹುದು. ಊರು ಬಿಟ್ಟಿರಬಹುದು. ಬದುಕಿಯೇ ಇಲ್ಲದಿರಬಹುದು. ಆ ಪುಟಕ್ಕೆ ವಕಾಲತ್ತು ಹಾಕುವವರು ಯಾರು? ಅದನ್ನು ಓದಲು ಹೋದವನಿಗೆ ಖಾಲಿ ಪರದೆ ಕಂಡರೆ, ಪುಟ ಕೆಡಿಸಿದ್ದು ಹೊಸ ಬ್ರೌಸರು ಅಂತ ಅವನಿಗೆ ಗೊತ್ತಾಗುವುದೂ ಇಲ್ಲ. ಬರೆದವರ ತಪ್ಪು ಅಂದುಕೊಂಡು ಮುಂದೆ ಹೋಗುತ್ತಾನೆ. ಮೊದಲೇ ಹೇಳಿದ್ದೆನಲ್ಲ, ನಮಗೂ ಒಂದು ಪಾತ್ರ ಇದೆ ಅಂತ, ಅದು ಇದೇ. ನಮ್ಮಂಥವರ ಕೈಬಿಟ್ಟ ಪುಟಗಳೂ ಸೇರಿ ಈ ಭಾಷೆಯ ಸೌಲಭ್ಯಗಳಿಗೆ ಏನು ಹೆಸರಿಡಬೇಕು ಅಂತ ನಿರ್ಧರಿಸಿವೆ.

ಇದರಲ್ಲಿ ಒಂದು ವಿಪರ್ಯಾಸ ಇದೆ, ಹೇಳದೇ ಇರಲಾರೆ. ಭಾಷೆಯವರು ಇಷ್ಟು ಜತನ ಮಾಡಿದರು, ಜಾಗ ಕೊಟ್ಟವರು ಮಾಡಲಿಲ್ಲ. ಜಿಯೋಸಿಟೀಸ್ ನೆನಪಿದೆಯಾ? ಯಾಹೂ ಅದನ್ನು 2009ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಅಲ್ಲಿದ್ದ ಪುಟಗಳ ಜಾವಾಸ್ಕ್ರಿಪ್ಟ್ ಇವತ್ತಿನ ಬ್ರೌಸರಿನಲ್ಲೂ ಬಹುಮಟ್ಟಿಗೆ ನಡೆಯುತ್ತಿತ್ತು, ಪುಟ ಇದ್ದಿದ್ದರೆ. ಕೆಲವರು ಹಠ ಹಿಡಿದು ಒಂದಷ್ಟನ್ನು ನಕಲು ಮಾಡಿ ಉಳಿಸಿದ್ದಾರೆ ಅನ್ನುವುದೇ ಸಮಾಧಾನ. ನಿಮ್ಮ ಬ್ಲಾಗಿನ ಬ್ಯಾಕಪ್ ತೆಗೆದಿಟ್ಟಿದ್ದೀರಾ ಅಂತ ಇದೇ ನೆಪದಲ್ಲಿ ಕೇಳ್ತಿದ್ದೀನಿ.

ಹೆಸರಿನ ಗೋಳು ಅಲ್ಲಿಗೇ ನಿಲ್ಲಲಿಲ್ಲ. ಪಂಕ್ತಿಯನ್ನು ಗುಂಪುಗಳಾಗಿ ಒಡೆಯುವ ಗ್ರೂಪ್‌ಬೈ ಕೂಡ ಅರೇ ಅಚ್ಚಿನ ಮೇಲೆ ಬರಬೇಕಿತ್ತು. ಹಳೆಯ ಲೈಬ್ರರಿಗಳ ಜೊತೆ ತಿಕ್ಕಾಟ ಆಗಿ, 2024ರ ಆವೃತ್ತಿಯಲ್ಲಿ ಅದು ಆಬ್ಜೆಕ್ಟ್ ಮತ್ತು ಮ್ಯಾಪ್‌ಗಳ ಮನೆಯಲ್ಲಿ ಬಾಡಿಗೆಗೆ ಕೂತಿದೆ.

ಈಗ ಕನ್ನಡದ ವಿಷಯಕ್ಕೆ ಬರೋಣ. ಆ 1996ರ ಸಾರ್ಟ್ ನಮ್ಮ ಪದಗಳನ್ನು ಏನು ಮಾಡುತ್ತೆ? ಅದು ಯೂನಿಕೋಡಿನಲ್ಲಿ ಅಕ್ಷರಕ್ಕೆ ಕೊಟ್ಟ ಸಂಖ್ಯೆಯನ್ನು ಮಾತ್ರ ನೋಡುತ್ತೆ. ಯೂನಿಕೋಡಿನ ಕನ್ನಡ ಪಟ್ಟಿಯಲ್ಲಿ ಲ ಆದ ಕೂಡಲೇ ಳ ಬರುತ್ತದೆ, ಆಮೇಲೆ ವ, ಶ, ಷ, ಸ, ಹ. ನಾವು ಬಾಯಿಪಾಠ ಮಾಡಿದ ವರ್ಣಮಾಲೆಯಲ್ಲಿ ಳ ಕೊನೆಗೆ. ಹಾಗಾಗಿ ಹವೆ, ಹಸಿ, ಹಳೆ ಈ ಮೂರು ಪದ ಕೊಟ್ಟರೆ ನಿಘಂಟಿನಲ್ಲಿ ಇದೇ ಕ್ರಮ, ಸಾರ್ಟ್ ಕೊಡುವುದು ಹಳೆ, ಹವೆ, ಹಸಿ. ಅನುಸ್ವಾರದ್ದೂ ಇದೇ ಪಾಡು: ಅ ಆ ಇ ಈ ಎಲ್ಲ ಮುಗಿದು ಔ ಆದ ಮೇಲೆ ಅಂ ಅಂತ ನಾವು ಓದಿದ್ದು, ಯೂನಿಕೋಡ್ ಸಂಖ್ಯೆಯಲ್ಲಿ ಅದು ಅ ಅಕ್ಷರಕ್ಕಿಂತಲೂ ಮೊದಲು. ಭಾಷೆಯ ಹೆಸರು ಹೇಳಿ, ಅದರ ಕ್ರಮದಲ್ಲಿ ಹೋಲಿಸು ಅಂತ ಕೇಳುವ ಕೊಲೇಟರ್ ಅನ್ನುವ ಸೌಲಭ್ಯ 2012ರ ಡಿಸೆಂಬರ್‌ನ ಪ್ರತ್ಯೇಕ ನಿಯಮ ಪುಸ್ತಕದಲ್ಲಿ ಬಂತು. ಪದಪಟ್ಟಿ, ಲೇಖಕರ ಸೂಚಿ ಮಾಡುವವರು ದಯವಿಟ್ಟು ಬರೀ ಸಾರ್ಟ್ ನಂಬಬೇಡಿ, ಕೊಲೇಟರ್ ಕೊಟ್ಟು ಜೋಡಿಸಿ.

ಗಣದಲ್ಲೂ ನಮಗೊಂದು ಬೇರೆಯದೇ ಪೇಚು. ಕೋಟೆ ಅನ್ನುವ ಪದದ ಓ-ಕಾರವನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿ ಬರೆದಿಡಬಹುದು, ಇಲ್ಲವೇ ಎ-ಕಾರ, ಊ-ಕಾರ ಮತ್ತು ದೀರ್ಘ ಅಂತ ಮೂರು ತುಂಡಾಗಿಯೂ ಬರೆದಿಡಬಹುದು. ಕಣ್ಣಿಗೆ ಎರಡೂ ಒಂದೇ. ಸೆಟ್‌ಗೆ ಎರಡು ಬೇರೆ ಬೇರೆ ಪದ. ಒಂದೇ ಮನೆಗೆ ಎರಡು ಕರೆಯೋಲೆ! 2015ರಲ್ಲೇ ಬಂದ ನಾರ್ಮಲೈಸ್ ಅನ್ನುವ ಸೌಲಭ್ಯದಿಂದ ತೊಳೆದು ಹಾಕಿದರೆ ಇದು ಸರಿಹೋಗುತ್ತೆ. ಇನ್ನೊಂದು ಅದಕ್ಕೂ ಜಗ್ಗುವುದಿಲ್ಲ. "ಬ್ಲಾಗ್‌ಗೆ" ಅಂತ ಬರೆಯುವಾಗ ಗ್ ಕೆಳಗೆ ಒತ್ತು ಬೀಳದಿರಲಿ ಅಂತ ನಡುವೆ ಒಂದು ಕಾಣದ ಅಕ್ಷರ ಹಾಕುತ್ತೇವಲ್ಲ, ವಿಭಕ್ತಿ ಪ್ರತ್ಯಯ ಅಳಿಸಿದಾಗ ಆ ಕಾಣದ ಅಕ್ಷರ ಬಾಲದಲ್ಲಿ ಉಳಿದುಬಿಡುತ್ತದೆ. ಬ್ಲಾಗ್ ಅನ್ನುವ ಪದ ಗಣದಲ್ಲಿ ಎರಡು ಸಲ ಕಂಡರೆ ಮೊದಲು ಅಲ್ಲಿ ಹುಡುಕಿ.

ಕನ್ನಡ ವಿಕಿಪೀಡಿಯದಲ್ಲಿ ಟೈಪ್ ಮಾಡುವ ಮಿತ್ರರಿಗೆ ಒಂದು ಮಾಹಿತಿ. ಅಲ್ಲಿ ಇಂಗ್ಲಿಷ್ ಕೀಲಿ ಒತ್ತಿದರೆ ಕನ್ನಡ ಮೂಡಿಸುವ ಸಾಧನ ಜೇಕ್ವೆರಿ.ಐಎಂಇ ಅನ್ನುವ ಜಾವಾಸ್ಕ್ರಿಪ್ಟ್ ಲೈಬ್ರರಿ. ಅದರಲ್ಲಿ "ಹೀಗೆ ಒತ್ತಿದರೆ ಹೀಗೆ ಬದಲಾಯಿಸು" ಅನ್ನುವ ನಿಯಮಗಳನ್ನು ಮುಯ್ಯಿ ಪುಸ್ತಕದಲ್ಲಿ ಇಟ್ಟಿಲ್ಲ, ಪಂಕ್ತಿಯಲ್ಲಿ ಇಟ್ಟಿದ್ದಾರೆ. ಮೊದಲಿಂದ ನೋಡುತ್ತಾ ಹೋಗಿ, ಮೊದಲು ಹೊಂದಿದ ನಿಯಮಕ್ಕೆ ನಿಲ್ಲುತ್ತದೆ. ಹಾಗಾಗಿ ಯಾವ ನಿಯಮ ಮುಂದೆ, ಯಾವುದು ಹಿಂದೆ ಅನ್ನುವುದರಲ್ಲೇ ಎಲ್ಲ ಇದೆ. ಸಾಲು ಆಚೀಚೆ ಆದರೆ ನಿಮ್ಮ ಬೆರಳಿಗೆ ಖ ಬದಲು ಇನ್ನೇನೋ ಸಿಗಬಹುದು.

ಕೊನೆಯದಾಗಿ ಗಣದ ಹೊಸ ಸುದ್ದಿ. 2015ರ ಸೆಟ್‌ನಲ್ಲಿ ಹಾಕು, ತೆಗೆ, ಇದೆಯಾ ಅನ್ನುವಷ್ಟೇ ಇತ್ತು. ನಾವು ಹೈಸ್ಕೂಲಿನಲ್ಲಿ ವೆನ್ ಚಿತ್ರ ಬರೆದು ಮಾಡಿದ ಸಂಯೋಗ, ಛೇದನ, ವ್ಯತ್ಯಾಸ, ಉಪಗಣ ಇವುಗಳಲ್ಲಿ ಒಂದೂ ಇರಲಿಲ್ಲ. ಗಣ ಅಂತ ಹೆಸರಿಟ್ಟು ಛೇದನ ಕೊಡದಿರುವುದು ನನಗಂತೂ ಮಜ್ಜಿಗೆ ಇಲ್ಲದ ಊಟದ ಥರಾ ಕಾಣುತ್ತಿತ್ತು. 2023ರಲ್ಲಿ ಸಫಾರಿ, 2024ರಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್ ಇವನ್ನು ಕಲಿತವು, 2025ರ ಜೂನ್‌ನ ಆವೃತ್ತಿಯಲ್ಲಿ ಒಟ್ಟು ಏಳು ಸೌಲಭ್ಯಗಳು ಅಧಿಕೃತ ಆದವು. ಯೂನಿಯನ್, ಇಂಟರ್‌ಸೆಕ್ಷನ್, ಡಿಫರೆನ್ಸ್ ಅಂತ ಪಠ್ಯಪುಸ್ತಕದ ಹೆಸರುಗಳೇ ಸಿಕ್ಕಿವೆ. ಮೂಟೂಲ್ಸ್ ಕಾಲಕ್ಕೆ ಸೆಟ್ ಅನ್ನುವುದೇ ಇರಲಿಲ್ಲವಲ್ಲ, ಅಲ್ಲಿ ಯಾರೂ ಮೊದಲೇ ಟವೆಲ್ ಹಾಕಿ ಸೀಟು ಹಿಡಿದಿರಲಿಲ್ಲ.

ಎರಡು ಊರಿನ ಪದಪಟ್ಟಿ ಇಟ್ಟುಕೊಂಡಿರುವವರು ಮಾಡಿ ನೋಡಿ. ಎರಡನ್ನೂ ಸೆಟ್ ಮಾಡಿ ಛೇದನ ಕೇಳಿದರೆ ಎರಡೂ ಕಡೆ ಇರುವ ಪದಗಳು, ವ್ಯತ್ಯಾಸ ಕೇಳಿದರೆ ಒಂದೇ ಕಡೆಯವು, ಒಂದೊಂದು ಸಾಲಿನಲ್ಲಿ ಸಿಗುತ್ತವೆ. ಛೇದನದ ಉತ್ತರ ಯಾವ ಕ್ರಮದಲ್ಲಿ ಬರುತ್ತದೆ ಅನ್ನುವುದು ಯಾವ ಗಣ ಚಿಕ್ಕದು ಅನ್ನುವುದರ ಮೇಲಿದೆ, ಅದಕ್ಕೆ ಆಮೇಲೆ ಕೊಲೇಟರಿನಿಂದ ಜೋಡಿಸಿಕೊಳ್ಳಿ. ಕೋಟೆಯನ್ನು ಮಾತ್ರ ಈಗಲೂ ನಾವೇ ನಾರ್ಮಲೈಸ್ ಮಾಡಿ ಒಳಗೆ ಬಿಡಬೇಕು.